ಕೇಳದೆ ತೆಗೆಸಿದ ಮುಚ್ಚಳ

"ಯಾರ್ರೀ ಇದನ್ನ ಬೆಚ್ಚಗೆ ಮಾಡಿದ್ದು?!"

ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು 'ಮೂಗಿ'! ನಾಲ್ಕು ವರ್ಷದಲ್ಲಿ ಒಮ್ಮೆಯೂ ದನಿ ಎತ್ತದ ಇಂಜಿನಿಯರ್.

ಪರದೆಯ ಮೇಲೆ ಉಷ್ಣಾಂಶದ ಗೆರೆ ಮೇಲೇರುತ್ತಿತ್ತು. ಕ್ವಾಂಟಮ್ ಕಂಪ್ಯೂಟರಿನ ಚಿಪ್ ಬದುಕುವುದೇ ಕೊರೆಯುವ ಚಳಿಯಲ್ಲಿ. ಆ ಚಳಿ ಕದಲದಂತೆ ಅವಳು ನೂರ ತೊಂಬತ್ತೆಂಟು ದಿನ ಕಾದಿದ್ದಳು. ಇನ್ನೆರಡೇ ದಿನ! ಇನ್ನೂರು ತುಂಬಿದ್ದರೆ, ಈ ಪುಟ್ಟ ಊರಿನಲ್ಲೂ ಇಂಥ ಯಂತ್ರ ನಡೆಯುತ್ತದೆಂದು ಆಡಳಿತ ಮಂಡಳಿಗೆ ತೋರಿಸಬಹುದಿತ್ತು. ಇಲ್ಲವಾದರೆ ಎಲ್ಲವೂ ರಾಜಧಾನಿಗೆ...

"ನಾನೇ ಹೇಳಿದ್ದು."

ಶಾಖೆಯ ಮುಖ್ಯಸ್ಥ! ಅವಳು ಸರಕ್ಕನೆ ತಿರುಗಿದಳು. ದಿನಾ ಸಂಜೆ ಬಸ್ ನಿಲ್ದಾಣದವರೆಗೂ ಜೊತೆಗೆ ನಡೆಯುತ್ತಿದ್ದ ಇವನಾ...?

"ಅಂದ್ರೆ ಸಾಗಿಸೋಕೆ ತಯಾರಿ! ರಾಜಧಾನೀಲಿ ದೊಡ್ಡ ಕುರ್ಚಿ ಕಾಯ್ತಿದೆಯಂತಲ್ಲ? ಅಭಿನಂದನೆ ಸರ್!"

"ಸ್ವಲ್ಪ ಕೇಳಿ..."

"ಏನ್ ಕೇಳೋದು? ಈ ಊರಿನ ಹದಿನೇಳು ಹುಡುಗೀರಿಗೆ ಇದರ ಕೂದಲೆಳೆಯಂಥ ತಂತಿ ಬೆಸೆಯೋದು ಕಲಿಸಿದೀನಿ. ಅವರೆಲ್ಲ ಮನೇಲಿ ಕೂತು ಗೋಡೆ ನೋಡ್ಲಾ?"

"ನಾಡಿದ್ದು ಮಂಡಳಿಯವರು ಬರ್ತಾರೆ. ಆ ಬೆಸುಗೆ ಇಲ್ಲಿಯವರದ್ದು ಅಂದ್ರೆ ನಂಬ್ತಿಲ್ಲ. ಕಣ್ಣಾರೆ ನೋಡ್ಲಿ ಅಂತ... ತಣ್ಣಗಿದ್ದಾಗ ಯಂತ್ರದ ಮುಚ್ಚಳ ತೆಗೆಯೋಕಾಗಲ್ಲವಲ್ಲ."

ಅವಳು ಬೆಪ್ಪಾದಳು. ಮರುಕ್ಷಣವೇ ಸಿಟ್ಟು ಇಮ್ಮಡಿಯಾಯಿತು.

"ಅದೇ ಮಂಡಳಿಗೆ ನಾನು ಇನ್ನೂರು ದಿನದ ದಾಖಲೆ ತೋರಿಸೋಳಿದ್ದೆ! ಒಂದು ಮಾತು ಕೇಳಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ?"

ಅವನ ಮುಖ ಬಿಳಿಚಿತು. "ನೀವು ಹೇಳ್ಲೇ ಇಲ್ಲ..."

"ನೀವು ಕೇಳ್ಲೇ ಇಲ್ಲ!"

ಎರಡು ದಿನ ಅವಳು ಅವನತ್ತ ಮುಖ ಹಾಕಲಿಲ್ಲ. ಬಸ್ ನಿಲ್ದಾಣಕ್ಕೂ ಒಬ್ಬಳೇ ನಡೆದಳು.

ಮೂರನೆಯ ದಿನ ಮಂಡಳಿಯ ಅಧ್ಯಕ್ಷೆ ತೆರೆದ ಯಂತ್ರದೊಳಗೆ ಇಣುಕಿ, ಬೆಸುಗೆಗಳನ್ನು ಒಂದೊಂದಾಗಿ ನೋಡಿದರು.

"ಕೆಲಸ ಅಚ್ಚುಕಟ್ಟು. ಆದ್ರೆ ಚಳಿ ಹಿಡಿದಿಡುತ್ತಾ?"

ಮುಖ್ಯಸ್ಥ ಬಾಯಿ ತೆರೆದವನು ತಡೆದು, ಪಕ್ಕಕ್ಕೆ ಸರಿದು ನಿಂತ. "ಅದನ್ನ ಇವರೇ ಹೇಳ್ಬೇಕು ಮೇಡಂ. ನಂಗೊತ್ತಿಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ! ಅವಳು ದಿನದಿನದ ಉಷ್ಣಾಂಶ ಬರೆದಿಟ್ಟ ದಾಖಲೆ ಪುಸ್ತಕವನ್ನು ಮುಂದಿಟ್ಟಳು. ಒಳಗಿನ ಸಿಟ್ಟು ಇನ್ನೂ ಆರಿರಲಿಲ್ಲ.

"ನೂರ ತೊಂಬತ್ತೆಂಟು ದಿನ ಹಿಡಿದಿಟ್ಟಿತ್ತು ಮೇಡಂ. ಕೆಟ್ಟಿದ್ದು ಯಂತ್ರ ಅಲ್ಲ. ಕೆಡಿಸಿದ್ದು ಇವರು!"

ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ದಾಖಲೆ ಪುಸ್ತಕವನ್ನು ಕೊನೆಯ ಹಾಳೆಯವರೆಗೂ ತಿರುವಿ ಹಾಕಿದರು.

"ಯಂತ್ರ ಇಲ್ಲೇ ಇರ್ಲಿ," ಎಂದರು. "ಇನ್ನೊಂದು ಕಳಿಸ್ತೀವಿ. ಅದನ್ನ ಯಾವಾಗ ತೆರೀಬೇಕು ಅಂತ ಈ ಹುಡುಗೀನೇ ಹೇಳ್ಲಿ."

ಎಲ್ಲರೂ ಹೋದ ಮೇಲೆ ಅವನು ಹತ್ತಿರ ಬಂದ.

"ತಪ್ಪಾಯ್ತು. ಯಂತ್ರಾನ ನಿನ್ನ ಊರಲ್ಲೇ ಉಳಿಸ್ತೀನಿ ಅಂತ ಹೊರಟು ನಿನ್ನನ್ನೇ ಕೇಳ್ಲಿಲ್ಲ. ರಾಜಧಾನಿ ಕೆಲಸ ಬೇಡ ಅಂತ ಹೋದ ತಿಂಗಳೇ ಬರೆದುಕೊಟ್ಟೆ. ನೀನಿಲ್ದೆ ಅಲ್ಲಿ ನಂಗೇನಿದೆ?"

"ಅದನ್ನೂ ನಂಗೆ ಹೇಳ್ಲಿಲ್ವಾ?!" ಅವಳ ಕಣ್ಣು ತುಂಬಿ ಬಂತು.

"ಹಾಗಾದ್ರೆ ಈಗ ಕೇಳ್ಲಾ... ನನ್ನ ಮದುವೆ ಆಗ್ತೀಯಾ?"

"ಕೇಳೋ ಮುಖ ನೋಡು!"

"ಉತ್ತರ...?"

"ಇನ್ನೂ ಕೋಪ ಇದೆ."

"ಇರ್ಲಿ. ಕಾಯ್ತೀನಿ."

"ಕಾಯ್ಬೇಡ..." ಅವಳು ಮೆಲ್ಲಗೆ ಅವನ ತೋಳಿಗೆ ಹಣೆಯಾನಿಸಿದಳು. "ಕೋಪದಲ್ಲೇ ಆಗ್ತೀನಿ."