ಇಬ್ಬರದೂ ಒಂದೇ ತಪ್ಪು

ಎಲ್ಲರೂ ಮಲಗಿ ಬಹಳ ಹೊತ್ತಾದ ಮೇಲೆ ದಿಂಬಿನ ಕೆಳಗಿದ್ದ ಫೋನು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಮಿಸ್ಡ್ ಕಾಲ್. ದ್ರಾಕ್ಷಾಯಿಣಿ ಹೊದಿಕೆಯೊಳಗೇ ಹೆಸರು ನೋಡಿದಳು. ಶಶಿಕಾಂತ.

ಹಗಲು ಇಡೀ ಕ್ಲಾಸಿನ ಎದುರು ತುಟಿ ಪಿಟಕ್ಕೆನ್ನದವನಿಗೆ ಈಗ ಮಾತು ಬೇಕಾಗಿದೆ. ಫೋನು ಆಫ್ ಮಾಡಿ, ಪಕ್ಕದಲ್ಲಿ ಅವ್ವ ಎಚ್ಚರಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆಯ ಕಡೆ ತಿರುಗಿದಳು. ಸಿಟ್ಟು ಅವಳನ್ನು ಮಲಗಗೊಡಲಿಲ್ಲ.

ರಾಣೆಬೆನ್ನೂರಿನಲ್ಲಿ ಸೈಕಲ್ ಅಂಗಡಿಯ ಮೇಲೆ ಗುಡದಪ್ಪ ಸರ್ ನಡೆಸುವ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಕ್ಲಾಸಿಗೆ ಬ್ಯಾಡಗಿಯಿಂದ ಬರುತ್ತಿದ್ದವಳು ಅವಳೊಬ್ಬಳೇ. ಇಂಗ್ಲಿಷಿನ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೆಂದರೆ ಉಳಿದವರು ಬೆವರುತ್ತಿದ್ದರು. ಅವಳು ಮಾತ್ರ ಕೆಳಗಿನ ನಾಲ್ಕೂ ಉತ್ತರಗಳನ್ನು ಬಸ್ಸಿನ ಟಿಕೆಟಿನಿಂದ ಮುಚ್ಚಿ, ವಾಕ್ಯ ಓದಿ, ಆ ಖಾಲಿ ಜಾಗಕ್ಕೆ ಮೊದಲು ತನ್ನದೇ ಕನ್ನಡದ ಮಾತೊಂದನ್ನು ಮನಸ್ಸಿನಲ್ಲಿ ಕೂರಿಸುತ್ತಿದ್ದಳು. ಆಮೇಲಷ್ಟೇ ಟಿಕೆಟು ಸರಿಸಿ, ಅದಕ್ಕೆ ಹೊಂದುವ ಇಂಗ್ಲಿಷ್ ಶಬ್ದ ಹುಡುಕುವುದು.

ಪಕ್ಕದ ಬೆಂಚಿನ ಶಶಿಕಾಂತನಿಗೂ ಅವಳೇ ಅದನ್ನು ಕಲಿಸಿದ್ದಳು. ಅವನು ಪಾಠಕ್ಕಿಂತ ಟಿಕೆಟು ಹಿಡಿದ ಬೆರಳುಗಳನ್ನೇ ಹೆಚ್ಚು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸಾಕು, ಅವನ ಕಣ್ಣು ಗಡಬಡಿಸಿ ಫ್ಯಾನಿನ ಕಡೆ ಓಡುತ್ತಿತ್ತು.

ಆ ವಾರದ ಟೆಸ್ಟಿನಲ್ಲಿ ಒಂದು ವಾಕ್ಯವಿತ್ತು. ಆಕಾಶದಲ್ಲಿ ಮೋಡ ಕವಿದದ್ದನ್ನು ಕಂಡು ರೈತರು ಏನಾದರು? ‘ಜುಬಿಲಂಟ್’, ಅಂದರೆ ಸಂಭ್ರಮಪಟ್ಟರು ಎಂಬುದು ಸರಿಯುತ್ತರ. ಇಡೀ ಬ್ಯಾಚು ಅದನ್ನೇ ಬರೆದಿತ್ತು. ‘ಅಪ್ರೆಹೆನ್ಸಿವ್’, ಅಂದರೆ ಕಳವಳಗೊಂಡರು ಎಂದು ಬರೆದವರು ಇಬ್ಬರೇ. ಅವಳು ಮತ್ತು ಶಶಿಕಾಂತ.

ಅಂದು ಹಗಲು ಸರ್ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ್ದರು.

"ಇಬ್ಬರು ಒಂದ ಸರಿ ಬರದ್ರ ಓದ್ಯಾರ ಅಂತ ತಿಳೀತೇನಿ. ಇಬ್ಬರ ಒಂದ ತಪ್ಪು ಬರದ್ರ ಏನಂತ ತಿಳೀಲಿ?"

"ಸರ್, ಮೆಣಸಿನಕಾಯಿ ಒಣಗಾಕ ಹಾಕಿದಾಗ ಮೋಡ ಬಂದ್ರ ಯಾರರ ಕುಣೀತಾರೇನ್ರಿ?" ಅವಳು ಕೇಳಿದಳು.

ಕ್ಲಾಸು ನಕ್ಕಿತು.

"ಪೇಪರ್ ತಗ್ಯಾವ್ರು ಬ್ಯಾಡಗಿ ನೋಡಿ ತಗಿಯಂಗಿಲ್ಲವ್ವಾ. ಯಾರು ಯಾರ್ದು ನೋಡಿದ್ರಿ, ನಾಳೆ ಹೇಳ್ರಿ. ಇಲ್ಲಂದ್ರ ಇಬ್ಬರ ಮನೀಗೂ ಫೋನ್ ಮಾಡ್ತೇನಿ."

ಅವಳು ಶಶಿಕಾಂತನ ಕಡೆ ನೋಡಿದಳು. ಅವನು ಬೆಂಚನ್ನೇ ನೋಡುತ್ತಿದ್ದ. ಇವನೇ ನನ್ನದನ್ನು ನೋಡಿ ಬರೆದವನು ಎಂದು ಅವಳಿಗೆ ಆ ಗಳಿಗೆಯಲ್ಲೇ ಖಚಿತವಾಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಅಪ್ಪ ಅಂದಾನೆಪ್ಪ ಅವಳನ್ನು ಕಳಿಸುವಾಗ ಹೇಳಿದ್ದು ಒಂದೇ: "ಏನರ ಮಾತು ಕಿವಿಗೆ ಬಿತ್ತಂದ್ರ ಅವತ್ತಿಗೆ ಕ್ಲಾಸ್ ಮುಗೀತು."

ಮರುದಿನ ಅವಳು ಮುಂಚಿನ ಬಸ್ಸಿಗೇ ಬಂದಳು. ಮೆಟ್ಟಿಲ ಬುಡದಲ್ಲಿ ಶಶಿಕಾಂತ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ರಾತ್ರಿ ಫೋನ್ ಮಾಡಿದ್ದೆ."

"ಫೋನ್ ಎಲ್ಲಿ ಮಾಡಿದ್ರಿ? ಮಿಸ್ಡ್ ಕಾಲ್ ಕೊಟ್ರಿ. ಧೈರ್ಯ ಅಷ್ಟ ಇತ್ತು."

"ಸರ್ ಕಡೆ ಹೋಗಿ ನಾನ ನೋಡಿ ಬರದೆ ಅಂತ ಹೇಳಿಬಿಡ್ತೇನಿ. ನಿಮ್ಮ ಹೆಸರು ಉಳೀತೈತಿ."

"ಖರೇನ ನೋಡಿದ್ರಿ?"

"ಇಲ್ಲ."

ಅವಳು ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದಳು. "ಹಂಗಾರ ಹೆಂಗ ಬರದ್ರಿ? ನಿಮ್ಮದು ಬೀಜದಂಗಡಿ. ಮೋಡ ಕಂಡ್ರ ನಿಮ್ಮ ಮನ್ಯಾಗ ಹೋಳಿಗಿ ಮಾಡ್ತಾರ."

ಅವನಿಗೆ ನಗು ಬಂತು, ಅವಳ ಮುಖ ಕಂಡು ನುಂಗಿಕೊಂಡ. ಸೈಕಲ್ ಅಂಗಡಿಯೊಳಗೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದವನು ಕೇಳಿಸಿಕೊಳ್ಳದಷ್ಟು ಮೆಲ್ಲಗೆ ಹೇಳಿದ.

"ಹ್ವಾದ ಸುಗ್ಗ್ಯಾಗ ಕಾಕಾನ ಕೂಡ ಬ್ಯಾಡಗಿಗೆ ಬಂದಿದ್ದೆ. ಮಧ್ಯಾಹ್ನ ಒಮ್ಮೆಲೇ ಮೋಡ ಆತು. ಒಂದು ಅಂಗಡಿ ಮುಂದ ಕೆಂಪಗ ಕಾಯಿ ಹರವಿದ್ರು. ಒಬ್ಬಾಕಿ ವೇಲು ಟೊಂಕಕ್ಕ ಬಿಗಿದು ಕಾಯಿ ಮುಚ್ಚಾಕ ತಾಡಪತ್ರಿ ಎಳಿಯಾಕತ್ತಿದ್ದಳು. ಒಂದು ಕೈ ಮ್ಯಾಲೆ ಮಾಡಿ ಮೋಡಕ್ಕ ಬೈಯಾಕತ್ತಿದ್ದಳು."

"ಏನಂತ?"

"ನಿನಗ ಬ್ಯಾರೆ ಊರು ಸಿಗಲಿಲ್ಲೇನು, ಅಂತ."

ಅವಳು ತಟ್ಟನೆ ತಲೆಯೆತ್ತಿದಳು. ಆ ಬೈಗುಳ ಅವಳದೇ.

"ನೀವು ಕ್ಲಾಸಿಗೆ ಬಂದ ದಿನಾನ ಆಕಿ ನೀವ ಅಂತ ಗೊತ್ತಾತು. ಟೆಸ್ಟಿನಾಗ ನೀವು ಕಲಿಸಿದಂಗ ಉತ್ತರ ಮುಚ್ಚಿ ಓದಿದೆ. ಮಾತು ಬರೂಕಿಂತ ಮೊದಲು ನಿಮ್ಮ ಆ ಮಾರಿ ಕಣ್ಣ ಮುಂದ ಬಂತು. ಆ ಮಾರಿಗೆ ಜುಬಿಲಂಟ್ ಹೊಂದಲಿಲ್ಲ."

ಅವಳ ಕಿವಿ ಬಿಸಿಯಾದವು. ಧೂಳು, ಬೆವರು, ಹೆದರಿಕೆ ಮೆತ್ತಿದ ಆ ಮುಖವನ್ನು ಒಬ್ಬ ಹೋದ ಸುಗ್ಗಿಯಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ. ಆದರೂ ಸಿಟ್ಟು ಇಳಿಯಲಿಲ್ಲ.

"ಇದನ್ನ ನಿನ್ನೆ ಹೇಳಾಕ ಏನಾಗಿತ್ತು?"

"ಯಾರ ಮುಂದ? ಕಾಪಿ ಹೊಡದಾಳ ಅನ್ನೂದು ಒಂದು ವಾರದ ಮಾತು. ಇದು ನಿಮ್ಮ ಅಪ್ಪಾರ ಅಂಗಡಿ ಮುಟ್ಟಾಕ ಒಂದ ಬಸ್ಸು ಸಾಕು."

ಖರೇ ಮಾತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಕಾಪಿ ಹೊಡೆದ ಹುಡುಗಿಯನ್ನು ಊರು ಮರೆತೀತು. ಒಬ್ಬ ಹುಡುಗ ಅವಳ ಮುಖ ನೆನಪಿಟ್ಟ ಎಂಬುದಕ್ಕೆ ಮಾತ್ರ ಅವಳನ್ನೇ ಮನೆಯಲ್ಲಿ ಕೂರಿಸುತ್ತದೆ. ಅವಳು ಏನೂ ಮಾಡಿರಲಿಲ್ಲ. ಮೆಣಸಿನಕಾಯಿ ಮುಚ್ಚಿದ್ದಳು, ಅಷ್ಟೇ.

"ಮಾಡದ ತಪ್ಪು ಒಪ್ಪಿಕೊಳ್ಳೂದು ಬ್ಯಾಡ," ಎಂದಳು. "ನಾ ಬರದದ್ದು ನನ್ನದು, ನೀವು ಬರದದ್ದು ನಿಮ್ಮದು. ಬರ್ರಿ ಮ್ಯಾಲೆ."

ಗುಡದಪ್ಪ ಸರ್ ಹಾಜರಿ ಕರೆಯುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಸರ್, ಯಾರೂ ಯಾರ್ದೂ ನೋಡಿಲ್ಲ. ಬ್ಯಾರೆ ಪೇಪರ್ ಕೊಡ್ರಿ. ಅವರು ಇಲ್ಲಿ ಕುಂದ್ರಲಿ, ನಾ ಮಾಳಿಗಿ ಮ್ಯಾಲೆ ಕುಂದ್ರತೇನಿ. ಮಾರ್ಕ್ಸ್ ಬರಲಿಲ್ಲಂದ್ರ ನಾನ ಅಪ್ಪಗ ಫೋನ್ ಹಚ್ಚಿ ನಿಮ್ಮ ಕೈಯಾಗ ಕೊಡ್ತೇನಿ."

ಸರ್ ಅವಳನ್ನು ಕನ್ನಡಕದ ಮೇಲಿಂದ ನೋಡಿದರು. ಕಪಾಟಿನಿಂದ ಹಳೆಯ ಪೇಪರು ತೆಗೆದು ಇಬ್ಬರಿಗೂ ಕೊಟ್ಟರು. ಮಾಳಿಗೆಯ ಬಿಸಿಲಲ್ಲಿ, ಅಂಗೈಯಿಂದ ಉತ್ತರ ಮುಚ್ಚಿಕೊಂಡು, ಅವಳು ಒಂದೊಂದೇ ಉತ್ತರ ಬರೆದಳು.

ಸರ್ ಎರಡೂ ಪೇಪರು ತಿದ್ದಿದರು. ಅವಳದು ಬಹುತೇಕ ಸರಿ. ಅವನದು ಅವಳಿಗಿಂತ ತುಸು ಕಡಿಮೆ, ಉಳಿದವರಿಗಿಂತ ಮೇಲು.

"ತಪ್ಪೂ ಬ್ಯಾರೆ ಬ್ಯಾರೆ ಅದಾವ," ಎಂದು ಸರ್ ಮೆಲ್ಲಗೆ ಅಂದರು. "ಆತು, ಫೋನ್ ಮಾಡಂಗಿಲ್ಲ."

"ನಿನ್ನೆ ಎಲ್ಲರ ಮುಂದ ಅಂದಿದ್ರಿ, ಸರ್. ಇವತ್ತೂ ಎಲ್ಲರ ಮುಂದ ಅನ್ರಿ."

ಯಾರೂ ನಗಲಿಲ್ಲ. ಸರ್ ಕೆಮ್ಮಿದರು, ಬೋರ್ಡಿನ ಕಡೆ ತಿರುಗಿದರು, ಮತ್ತೆ ಈ ಕಡೆ ತಿರುಗಿದರು. "ಇವರಿಬ್ಬರೂ ಕಾಪಿ ಹೊಡದಿಲ್ಲ. ನಾ ಅಂದದ್ದು ತಪ್ಪು." ಆಮೇಲೆ ಅವರಿಗೂ ತಡೆಯಲಾಗಲಿಲ್ಲ. "ಬ್ಯಾಡಗ್ಯಾಕಿ ನೀನು, ನಿಂದು ತಿಳೀತು. ಇಂವಗ ಮೆಣಸಿನಕಾಯಿ ಕಳವಳ ಎಲ್ಲಿಂದ ಬಂತವಾ?"

ಇಡೀ ಬ್ಯಾಚಿನ ಕಣ್ಣು ಅವಳ ಮೇಲೆ. ಶಶಿಕಾಂತ ಫ್ಯಾನು ನೋಡುತ್ತಿದ್ದ.

"ನನಗ ಗೊತ್ತಿಲ್ರಿ, ಸರ್," ಎಂದು ಅವಳು ಕುಳಿತುಕೊಂಡಳು.

ಸಂಜೆ ಬ್ಯಾಡಗಿಯ ಬಸ್ಸಿನ ಕಿಟಕಿಯ ಕೆಳಗೆ, ಯಾರನ್ನೋ ಕಳಿಸಲು ಬಂದವನಂತೆ, ಅವನು ಬಂದು ನಿಂತ. ಏನನ್ನೂ ಕೇಳಲಿಲ್ಲ. ಬಸ್ಸು ಗುರ್ ಎಂದಿತು.

"ಈ ಸುಗ್ಗ್ಯಾಗ ಮೋಡ ಆದ್ರ ದೂರ ನಿಂತು ನೋಡಬ್ಯಾಡ," ಎಂದಳು ದ್ರಾಕ್ಷಾಯಿಣಿ. ‘ನೀವು’ ಎಲ್ಲೋ ಬಿದ್ದುಹೋಗಿತ್ತು. "ತಾಡಪತ್ರಿಗೆ ಎರಡು ತುದಿ ಇರ್ತಾವ. ಇನ್ನೊಂದು ಹಿಡಿ."

ಅವನ ಮುಖ ಏನಾಯಿತೆಂಬುದನ್ನು ಬಸ್ಸು ತಿರುಗುವವರೆಗೂ ನೋಡಿದಳು.

ಮನೆಯಲ್ಲಿ ಅಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದ: "ಇವತ್ತೇನ್ ನಡೀತು ಕ್ಲಾಸಿನಾಗ?"

ಅಪ್ಪನಿಗಿಲ್ಲ, ಅವ್ವನಿಗಿಲ್ಲ, ಕ್ಲಾಸಿನ ಗೆಳತಿ ಶ್ವೇತಾಳಿಗೂ ಹೇಳುವುದಿಲ್ಲ ಎಂದು ಅವಳು ಆ ಕ್ಷಣ ನಿಶ್ಚಯಿಸಿದಳು. ಹೆದರಿ ಅಲ್ಲ. ಇದು ಯಾರ ಬಾಯಿಗೂ ಕೊಡುವಂಥದ್ದಾಗಿರಲಿಲ್ಲ.

"ಏನಿಲ್ಲಪ್ಪಾ. ಟೆಸ್ಟ್ ಇತ್ತು," ಎಂದು ಹೇಳಿ ಒಳಗೆ ಹೋದಳು.