ಇನ್ನೊಂದು ದಿಂಬು

ಮಾವನ ಪಾದದ ಮೇಲೆ ಸೊಸೆ ಹೆಬ್ಬೆರಳು ಒತ್ತಿ ತೆಗೆದಳು. ನಾದಿಟ್ಟ ಹಿಟ್ಟಿನಲ್ಲಿ ಉಳಿದ ಹಾಗೆ ಗುಳಿ ಅಲ್ಲೇ ಉಳಿಯಿತು.

“ಅತ್ತೆ, ಇಲ್ಲಿ ನೋಡಿ. ಊತ ಇಳೀತಾನೇ ಇಲ್ಲ. ಡಾಕ್ಟರಿಗೆ ತೋರಿಸೋಣ.”

“ಕಾಲು ಬಿಡು.” ಅತ್ತೆ ಅವಳ ಕೈ ತಳ್ಳಿದರು. “ಕಾಲು ಇಳಿಬಿಟ್ಟು ಕೂತರೆ ಯಾರಿಗಾದ್ರೂ ಊದುತ್ತೆ. ಇವರಿಗಿರೋದು ಹಳೇ ಉಬ್ಬಸ. ಉಬ್ಬಸಕ್ಕೂ ಕಾಲಿಗೂ ಏನೇ ನಂಟು? ನಿನ್ನೆ ಮೊನ್ನೆ ಬಂದವಳು ನನಗೆ ಪಾಠ ಹೇಳ್ಬೇಡ.”

ಮಾವ ಕಣ್ಣು ಮುಚ್ಚಿಕೊಂಡರು. ಅತ್ತೆ ಸೊಸೆಯರ ಜಗಳ ಬಂದಾಗಲೆಲ್ಲ ಅವರಿಗೆ ತಕ್ಷಣ ನಿದ್ದೆ ಬರುತ್ತಿತ್ತು.

ಅವರು ಹಾಸಿಗೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಜೀವಮಾನವೆಲ್ಲ ಹತ್ತಿ ಹಿಂಜಿ, ಆ ಧೂಳು ಕುಡಿದು, ಶ್ವಾಸಕೋಶ ಹಾಳಾಗಿತ್ತು. ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟವರಿಗೆ ಬೆನ್ನು ಚಾಚುವ ಭಾಗ್ಯವೇ ಹೋಯಿತು! ಮಲಗಿದರೆ ಉಸಿರು ಕಟ್ಟುತ್ತದೆ ಎಂದಾಗ ಅತ್ತೆ ಒಳ್ಳೆಯ ಹತ್ತಿ ಆರಿಸಿ, ದಿಂಬು ಹೊಲಿದು ಬೆನ್ನಿಗಿಟ್ಟರು. ಅದೂ ಸಾಲದಾದಾಗ ಇನ್ನೊಂದು. ಆಮೇಲೆ ಮತ್ತೊಂದು. ಕೊನೆಗೆ ಮಾವ ಕೂತೇ ನಿದ್ದೆ ಮಾಡತೊಡಗಿದರು. “ನಮ್ಮನೆಯವರು ಮಹಾರಾಜರ ಹಾಗೆ ಒರಗಿ ಮಲಗ್ತಾರೆ,” ಎಂದು ಅತ್ತೆ ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುತ್ತಿದ್ದರು. ಸೊಸೆ ಮಾತ್ರ ಆ ರಾಶಿಗೆ ಹೊಸ ದಿಂಬು ಸೇರಿದಾಗಲೆಲ್ಲ ಮಾವನ ಪಾದ ನೋಡುತ್ತಿದ್ದಳು.

ಹತ್ತಿ ಗಂಟುಕಟ್ಟದಿರಲೆಂದು ದಿಂಬುಗಳನ್ನು ಆಗಾಗ ಬಿಸಿಲಿಗೆ ಹಾಕುವುದು ಆ ಮನೆಯ ಪದ್ಧತಿ. ಅತ್ತೆ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ, ಮಾವ ಕುರ್ಚಿಯಲ್ಲಿದ್ದುದನ್ನು ನೋಡಿ ಸೊಸೆ ದಿಂಬುಗಳನ್ನೆಲ್ಲ ತಾರಸಿಗೆ ಹೊತ್ತೊಯ್ದಳು. ಅಷ್ಟರಲ್ಲಿ ಕೂತು ಕೂತು ಸಾಕಾಗಿದ್ದ ಮಾವ ಬರಿಯ ಮಂಚದ ಮೇಲೆ ಅಡ್ಡಾದರು.

ಅವಳು ಕೆಳಗಿಳಿದು ಬಂದಾಗ ಅವರು ಮಂಚದ ಅಂಚು ಹಿಡಿದು, ಬಾಯಿ ತೆರೆದು, ಉಸಿರಿಗಾಗಿ ಒದ್ದಾಡುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಎತ್ತಿ ಕೂರಿಸಿ, ಗಂಡನನ್ನು ಕೂಗಿ ಕರೆದು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು.

ಸುದ್ದಿ ತಿಳಿದು ಓಡಿಬಂದ ಅತ್ತೆ ಎಲ್ಲರೆದುರೇ ಅಂದರು, “ದಿಂಬು ಕಿತ್ಕೊಂಡು ಕೊಂದೆಯಲ್ಲೇ ನನ್ನ ಗಂಡನ್ನ...” ಸೊಸೆ ಅಳಲೂ ಇಲ್ಲ. ನಿಜವಾಗಿಯೂ ಕೊಂದೆನೇನೋ ಎಂಬ ಭಯ ಅವಳಿಗೆ.

ಡಾಕ್ಟರಮ್ಮ ಹೊರಗೆ ಬಂದು ಕೇಳಿದರು, “ಎಷ್ಟು ದಿಂಬು ಇಟ್ಕೊಂಡು ಮಲಗ್ತಿದ್ರು?”

“ಐದು,” ಅಂದರು ಅತ್ತೆ. “ನಾನೇ ಹೊಲಿದದ್ದು.”

“ಐದಾಗೋವರೆಗೂ ಯಾಕಮ್ಮ ಸುಮ್ಮನಿದ್ರಿ? ಶ್ವಾಸಕೋಶ ಗಡುಸಾದ್ರೆ ಅದರೊಳಗೆ ರಕ್ತ ನೂಕೋಕೆ ಹೃದಯ ಹೆಣಗಾಡಬೇಕು. ಹೆಣಗಾಡಿ ಹೆಣಗಾಡಿ ಅದು ಊದಿಕೊಂಡು ಸೋತಿದೆ. ಕಾಲಿಗೆ ನೀರು ಇಳಿದಿದ್ದು, ಮಲಗೋಕಾಗದೆ ಇದ್ದದ್ದು ಅದಕ್ಕೇ. ಔಷಧಿ, ಆಮ್ಲಜನಕ ಕೊಡ್ತೀವಿ. ಹತ್ತಿ ಧೂಳು ಇನ್ನು ಸೋಕಲೇಬಾರದು. ಆದ್ರೆ ಹೃದಯ ಮೊದಲಿನ ಹಾಗಾಗುತ್ತೆ ಅಂತ ನಾನು ಹೇಳಲಾರೆ.”

ಅತ್ತೆ ಗೋಡೆಗೆ ಒರಗಿದರು. ಸೊಸೆ ಅವರ ಭುಜ ಹಿಡಿದಳು. ಈ ಸಲ ಅವರು ಆ ಕೈಯನ್ನು ತಳ್ಳಲಿಲ್ಲ.

ಒಳಗೆ ಬಿಟ್ಟಾಗ ಮಾವನಿಗೆ ಎಚ್ಚರವಾಗಿತ್ತು. ಸೊಸೆಯೇ ಮೊದಲು ಬಾಯಿಬಿಟ್ಟಳು. “ದಿಂಬು ತೆಗೆದವಳು ನಾನು, ಮಾವ. ತಪ್ಪಾಯ್ತು.”

“ಅವಳದ್ದಲ್ಲ,” ಅತ್ತೆಯ ದನಿ ಒಡೆಯಿತು. “ಅವಳು ಕಾಲು ನೋಡಿ ಹೇಳಿದಳು, ನಾನು ಬಾಯಿ ಮುಚ್ಚಿಸಿದೆ. ನಿಮ್ಮ ಹೃದಯ ಸೋಲ್ತಾ ಇತ್ತು... ನಾನು ಕೂತು ದಿಂಬು ಹೊಲೀತಾ ಇದ್ದೆ.”

ಮಾವ ಮುಖಕ್ಕೆ ಹಾಕಿದ್ದ ಮಾಸ್ಕನ್ನು ತುಸು ಸರಿಸಿದರು. “ನನಗೆ ಗೊತ್ತಾಗ್ತಿತ್ತು. ಎದೆ ಭಾರ ಆಗೋದು, ಹೊಡ್ಕೊಳ್ಳೋದು... ನೀನು ಅಷ್ಟು ಆಸೆಯಿಂದ ದಿಂಬು ತಂದು ‘ಈಗ ಸುಖ ಅಲ್ವಾ’ ಅಂತಿದ್ದೆ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.”

ಅತ್ತೆ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. “ಇನ್ನು ಹಾಗೆ ಮಾಡ್ಬೇಡಿ. ನಾನು ಬೈದ್ರೂ ಅತ್ರೂ ನಿಜ ಹೇಳಿ. ಈಗ ಹೇಗಿದೆ?”

ಮಾವ ಹೆಂಡತಿಯ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡರು.

“ಭಯ ಆಗ್ತಿದೆ ಕಣೇ,” ಅಂದರು.