ನಾಲ್ಕು ಬಿಳಿ ಸಸಿಗಳು

"ಮುಟ್ಬೇಡಿ!"

ಅವಳ ಕೂಗಿಗೆ ಇಡೀ ಪ್ರಯೋಗಾಲಯ ತಿರುಗಿ ನೋಡಿತು. ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ಹೊಸಬ, ಅವಳ ಟ್ಯೂಬುಗಳತ್ತ ಚಾಚಿದ್ದ ಬರಿಗೈಯನ್ನು ಸರಕ್ಕನೆ ಎಳೆದುಕೊಂಡ.

"ಟ್ಯೂಬ್ ಬೀಳ್ತಿತ್ತು, ಅದಕ್ಕೆ..."

"ಬರಿ ಬೆರಳಿನ ಬೆವರು ತಾಗಿದ್ರೆ ಆರ್‌ಎನ್‌ಎ ಉಳಿಯಲ್ಲ, ಅಷ್ಟೂ ಗೊತ್ತಿಲ್ವಾ?"

ಪಾಪ, ಗೊತ್ತಿತ್ತು. ಆದರೆ ಸಿಟ್ಟಿಗೆ ಕೆಂಪಾದ ಆ ಮೂಗನ್ನೇ ನೋಡುತ್ತ ನಿಂತುಬಿಟ್ಟ!

ಅವಳ ಆತಂಕ ಸುಮ್ಮನೆ ಅಲ್ಲ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ನಲ್ಲಿ ಆರ್‌ಎನ್‌ಎ ಉದ್ದನೆಯ ಎಳೆಯಾಗಿ ಹುಟ್ಟುತ್ತದೆ. ಒಂದು ಪ್ರೋಟೀನ್ ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಎಲೆ ಹಸಿರಾಗುತ್ತದೆ ಎಂಬುದು ಅವಳ ನಾಲ್ಕು ವರ್ಷದ ನಂಬಿಕೆ. ಆ ಪ್ರೋಟೀನ್ ಇಲ್ಲದ ಸಸಿಗಳು ಬೆಳ್ಳಗೆ ಹುಟ್ಟಿ, ಬೀಜದ ಬುತ್ತಿ ತೀರಿದೊಡನೆ ಸಾಯುತ್ತವೆ. ಆರ್‌ಎನ್‌ಎ ತೆಗೆಯಲೆಂದು ಎಂಟನ್ನು ಅಂದೇ ಅರೆದಿದ್ದಳು. ಉಳಿದದ್ದು ನಾಲ್ಕೇ. ಅವೂ ಬಾಡತೊಡಗಿದ್ದವು.

ಸಂಜೆ ನೋಡಿದರೆ, ಆರ್‌ಎನ್‌ಎ ಎಲ್ಲ ಚೂರುಚೂರು!

ಅವಳ ಪಿಎಚ್‌ಡಿ ಗೈಡ್ ಸಿಡುಕಿದರು. "ಇನ್ನೊಂದು ತಪ್ಪಾದ್ರೆ ಈ ಕೆಲಸ ಬೇರೆಯವರಿಗೆ ಅಂತ ಹೇಳಿದ್ದೆ!"

"ನಾನಲ್ಲ ಸರ್, ಇವರು ಮುಟ್ಟಿದ್ದು!"

ಹೊಸಬ ಅವಳನ್ನೊಮ್ಮೆ ನೋಡಿದ. "ಇರಬಹುದು ಸರ್."

ಗೈಡ್ ಅವನತ್ತ ತಿರುಗಿದರು. "ನಾಳೆ ಬಂದು ನಿಮ್ಮ ಸಾಮಾನು ತಗೊಂಡು ಹೋಗಿ."

ಮರುದಿನ ಅವಳು ಹೋಲಿಕೆಗೆಂದು ಬೆಳೆಸಿದ್ದ ಮಾಮೂಲಿ ಹಸಿರು ಸಸಿಗಳಿಂದಲೇ ಶುರು ಮಾಡಿದಳು. ಫೋನ್ ಬಡಿದುಕೊಂಡಿತು. ಅಮ್ಮ! ಗ್ಲೌಸ್ ಹಾಕಿದ ಕೈಯಲ್ಲೇ ಎತ್ತಿದಳು.

"ತಿಂಡಿ ತಿಂದ್ಯೇನೇ?"

"ಆಯ್ತಮ್ಮ, ಆಮೇಲೆ ಫೋನ್ ಮಾಡ್ತೀನಿ."

ಅದೇ ಕೈಯಲ್ಲಿ ಟ್ಯೂಬಿನ ಮುಚ್ಚಳ ತೆರೆಯಹೊರಟವಳು ಥಟ್ಟನೆ ನಿಂತಳು. ದಿನವೂ ಬರಿಗೈಯಲ್ಲಿ ಹಿಡಿಯುವ ಫೋನು! ನಿನ್ನೆಯೂ ಹೀಗೇ ಅಮ್ಮನ ಫೋನ್ ಎತ್ತಿ, ಅದೇ ಗ್ಲೌಸಿನಲ್ಲಿ ಟ್ಯೂಬು ತೆರೆದಿದ್ದಳು...

ತನ್ನ ಬೆನ್ನು ತನಗೆ ಕಾಣದು ಅನ್ನುವುದು ಸುಳ್ಳಲ್ಲ.

'ಹೇಳಿದರೆ ನನ್ನ ನಾಲ್ಕು ವರ್ಷ ಹೋಯಿತು. ಹೇಳದಿದ್ದರೆ ಆ ಹೊಸಬರ ಕೆಲಸ...' ಗ್ಲೌಸ್ ಕಿತ್ತೆಸೆದು ಗೈಡ್ ಕೋಣೆಗೆ ನಡೆದಳು.

"ಸರ್, ಹಾಳು ಮಾಡಿದ್ದು ನಾನೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಿಳಿ ಸಸಿ ಎಷ್ಟು ಉಳಿದಿದೆ?"

"ನಾಲ್ಕು..."

"ಅವನನ್ನ ಕರ್ಕೊಂಡು ಬಾ. ಇಬ್ಬರೂ ಸೇರಿ ಮಾಡಿ. ಇದೇ ಕೊನೆ ಅವಕಾಶ."

ಮೆಟ್ಟಿಲ ಬಳಿ ಚೀಲ ಹೊತ್ತು ಇಳಿಯುತ್ತಿದ್ದವನನ್ನು ಓಡಿ ಹಿಡಿದಳು.

"ನಿನ್ನೆ ನಾನು ಗ್ಲೌಸಲ್ಲೇ ಫೋನ್ ಎತ್ತಿದ್ದು ನೋಡಿದ್ರಾ?"

"ನೋಡಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಿಮ್ಮದು ನಾಲ್ಕು ವರ್ಷ. ನನ್ನದು ಒಂದೇ ದಿನ... ಅದ್ರಲ್ಲೂ ಅರ್ಧ ದಿನ ನಿಮ್ಮನ್ನೇ ನೋಡ್ತಿದ್ದೆ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಸಂಜೆ ಪರದೆಯ ಮೇಲೆ ಹಸಿರು ಸಸಿಯ ಎಳೆ ಅಚ್ಚುಕಟ್ಟಾಗಿ ತುಂಡಾಗಿತ್ತು. ಬಿಳಿ ಸಸಿಯದ್ದು ಕತ್ತರಿ ಬೀಳದೆ ಉದ್ದಕ್ಕೇ ಉಳಿದಿತ್ತು. ಅವಳ ನಂಬಿಕೆ ನಿಜವಾಗಿತ್ತು!

"ನಾಳೆ ನಿಮಗಾಗಿ ಕಾಯ್ಲಾ?" ಮೆಲ್ಲಗೆ ಕೇಳಿದಳು.

"ಕೆಲಸಕ್ಕಾ?"

"ಕೆಲಸ ಮುಗೀತಲ್ಲ..."

"ಹಾಗಾದ್ರೆ ಬೇಗ ಬರ್ತೀನಿ."